ಪ್ರೋಟಾನಿನ ಸ್ಪಿನ್ನೂ ನನ್ನ ಹೊಟ್ಟೆಕಿಚ್ಚೂ

ತೀರ್ಥಹಳ್ಳಿಯ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರಾಗಿದ್ದಾಗ ಒಬ್ಬನನ್ನು ನೆನೆಸಿಕೊಂಡರೆ ಸಾಕು, ನನಗೆ ಹೊಟ್ಟೆ ಉರಿಯುತ್ತಿತ್ತು. ಅವನು ಹೊಸನಗರದವನು, ಎಂಎಸ್ಸಿಯಲ್ಲಿ ನನ್ನ ರೂಮ್‌ಮೇಟು. ಲ್ಯಾಬಿನಲ್ಲಿ ರೀಡಿಂಗ್ ಸರಿಬರದಿದ್ದರೆ ನಾವೆಲ್ಲ ಬರಬೇಕಾದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ, ರೀಡಿಂಗ್ ಬರೆದು, ಕ್ಯಾಂಟೀನಿಗೆ ಹೋಗುತ್ತಿದ್ದೆವು. ಆ ಪುಣ್ಯಾತ್ಮ ಮಾತ್ರ ಮತ್ತೆ ಮೊದಲಿಂದ ಅಳೆಯುತ್ತ ಕೂತಿರುತ್ತಿದ್ದ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅವನು ಯುರೋಪಿನ ಪ್ರಯೋಗಾಲಯವೊಂದರಲ್ಲಿ ಪ್ರೋಟಾನಿನ ಒಳಗನ್ನು ಅಳೆಯುತ್ತಿದ್ದ, ನಾನಿಲ್ಲಿ ಸೀಮೆಸುಣ್ಣ ಸವೆಸುತ್ತಿದ್ದೆ.

ತಮ್ಮ ಗುಂಪಿನ ಪ್ರಬಂಧದ ನಕಲನ್ನು ಅವನೇ ಕಳಿಸಿದ್ದ. ಲೇಖಕರ ಹೆಸರುಗಳೇ ಅರ್ಧ ಪುಟ, ಮದುವೆ ಕಾಗದದ ಕೊನೆಗೆ ನೆಂಟರಿಷ್ಟರನ್ನೆಲ್ಲ ಸೇರಿಸಿದ ಹಾಗೆ. ಇದರಲ್ಲಿ ಇವನದೇನು ಮಹಾ ಎಂದುಕೊಂಡು ಓದಲು ಕೂತೆ. ಓದಿ ಮುಗಿಸುವಷ್ಟರಲ್ಲಿ ಆ ಸಮಾಧಾನವೂ ಹೋಗಿತ್ತು.

ಸ್ಪಿನ್ ಎಂದರೆ ಕಣಕ್ಕೆ ಹುಟ್ಟಿನಿಂದಲೇ ಬಂದ ಒಂದು ಬಗೆಯ ತಿರುಗುವ ಗುಣ. ಪ್ರೋಟಾನಿನೊಳಗೆ ಮೂರು ಕ್ವಾರ್ಕುಗಳಿವೆ, ಅವುಗಳ ಸ್ಪಿನ್ ಕೂಡಿಸಿದರೆ ಪ್ರೋಟಾನಿನ ಸ್ಪಿನ್ ಬರುತ್ತದೆ ಎಂದು ನಾನು ವರ್ಷಾವರ್ಷ ಪಾಠ ಮಾಡಿದ್ದೆ. ಇವರು ಪ್ರೋಟಾನುಗಳ ಸ್ಪಿನ್ನನ್ನು ಒಂದು ದಿಕ್ಕಿಗೆ ನಿಲ್ಲಿಸಿ ಮ್ಯೂಆನ್ ಎಂಬ ಕಣಗಳಿಂದ ಹೊಡೆದಿದ್ದರು. ಆಮೇಲೆ ದಿಕ್ಕು ತಿರುಗಿಸಿ ಮತ್ತೆ ಹೊಡೆದು, ಕಣಗಳು ಚದುರುವುದರಲ್ಲಿ ಏನು ವ್ಯತ್ಯಾಸವಾಯಿತೆಂದು ನೋಡಿದ್ದರು. ಕ್ವಾರ್ಕುಗಳ ಪಾಲು ತೀರ ಕಡಿಮೆ ಎಂದು ಬಂದಿತ್ತು. ನಾನಾಗಿದ್ದರೆ ಹಿಂದಕ್ಕೆ ಲೆಕ್ಕ ಹಾಕಿ ಸರಿಮಾಡಿಬಿಡುತ್ತಿದ್ದೆ.

ಮರುವರ್ಷ ಅವನು ರಜೆಗೆ ಊರಿಗೆ ಬಂದ. ನಮ್ಮ ಪ್ರಿನ್ಸಿಪಾಲರು ಬಿಡುತ್ತಾರೆಯೇ, ಕಾಲೇಜಿನಲ್ಲಿ ಅವನ ಭಾಷಣ ಇಡಿಸಿದರು. ನನಗಿದ್ದ ಮರ್ಯಾದೆಯೆಲ್ಲ ಫೈನಲ್ ಇಯರ್ ಮಕ್ಕಳ ಹತ್ತಿರ ಮಾತ್ರ. ಅವರೆದುರಿಗೇ ಅವನು ನನ್ನದೇ ಬೋರ್ಡಿನ ಮೇಲೆ ನನ್ನ ಪಾಠವನ್ನು ಅಳಿಸಿ ಹಾಕುತ್ತಿದ್ದ. ತಡೆಯಲಾಗಲಿಲ್ಲ. ಅವನು ತಡವರಿಸಲಿ ಎಂದೇ ಎದ್ದು ನಿಂತು, ಹಾಗಾದರೆ ಉಳಿದ ಸ್ಪಿನ್ ಎಲ್ಲಿದೆ ಎಂದು ಕೇಳಿದೆ.

ಅವನು ಸೀಮೆಸುಣ್ಣ ಕೆಳಗಿಟ್ಟು ಕೈ ಒರೆಸಿಕೊಂಡ.

"ನಂಗೂ ಗೊತ್ತಿಲ್ಲ ಮಾರಾಯ. ಸದ್ಯಕ್ಕೆ ಯಾರಿಗೂ ಗೊತ್ತಿಲ್ಲ."

ಹಾಲಿನ ತುಂಬ ಚಪ್ಪಾಳೆ. ನಾನು ಉರಿದುಹೋದೆ. ಗೊತ್ತಿಲ್ಲ ಎಂದವನಿಗೆ ಚಪ್ಪಾಳೆ ತಟ್ಟುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕ್ಲಾಸಿನಲ್ಲಿ ಆ ಮಾತು ಬಾಯಿಗೆ ಬರದ ಹಾಗೆ ನೋಡಿಕೊಳ್ಳುವುದೇ ನನ್ನ ಇಷ್ಟು ವರ್ಷಗಳ ಮೇಷ್ಟ್ರುಗಿರಿಯಾಗಿತ್ತು. ಹೋಗುವಾಗ ಅವನು ಬಸ್ ಸ್ಟ್ಯಾಂಡಿನಲ್ಲಿ ನನ್ನ ಹೆಗಲ ಮೇಲೆ ಕೈಹಾಕಿ, ಇಡೀ ಸಭೆಯಲ್ಲಿ ಕೇಳಬೇಕಾದ್ದನ್ನು ಕೇಳಿದವನು ನೀನೊಬ್ಬನೇ ಎಂದ. ಬೈದಿದ್ದರೆ ವಾಸಿಯಿತ್ತು.

ಸೋಮವಾರ ಕ್ಲಾಸಿನಲ್ಲಿ ಮೂರು ಕ್ವಾರ್ಕುಗಳನ್ನು ಬರೆದೆ. ಸೀಮೆಸುಣ್ಣ ಕೆಳಗಿಟ್ಟೆ, ಕೈಯನ್ನೂ ಒರೆಸಿಕೊಂಡೆ. ಪ್ರೋಟಾನಿನ ಉಳಿದ ಸ್ಪಿನ್ ಎಲ್ಲಿದೆಯೋ ನನಗೂ ಗೊತ್ತಿಲ್ಲ ಎಂದು ಹೇಳಿ ಕಾದೆ.

ಮುಂದಿನ ಬೆಂಚಿನ ಹುಡುಗಿ ಪಾಪ, ಮೆಲ್ಲಗೆ ಅಂದಳು: "ಹೌದು ಸಾರ್, ಅವ್ರು ಹೇಳಿದ್ರಲ್ಲ."

ಗೊತ್ತಿಲ್ಲ ಎನ್ನುವುದರಲ್ಲೂ ಅವನೇ ಫಸ್ಟು.