ಅತ್ತೆ ಹುರಿದ ಶೇಂಗಾ

ಮೊನ್ನೆ ಮಗಳು ಬಜಾರದಿಂದ ಶೇಂಗಾ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಸುರಿದಳು. ನನಗೀಗ ಕಣ್ಣು ಅಷ್ಟಕ್ಕಷ್ಟೇ, ಮೂಗು ಮಾತ್ರ ಗಟ್ಟಿ ಇದೆ. ಕೂತಲ್ಲಿಂದಲೇ ಹೇಳಿದೆ, "ಬೂಸರು ಬಂದೈತಿ." ಅವಳು ಒಂದು ಮುಷ್ಟಿ ಹಿಡಿದು ಮೂಸಿದಳು, ಏನೂ ಇಲ್ಲ ಅಂದಳು. ಇತ್ತು. ಒದ್ದೆ ಗೋಣಿಚೀಲ, ಹಳೆ ಎಣ್ಣೆ, ಬಹಳ ದಿನ ಮುಚ್ಚಿಟ್ಟ ಖೋಲಿ, ಈ ಮೂರೂ ಕೂಡಿದಂಥ ವಾಸನೆ ಅದು. ಒಮ್ಮೆ ಗುರುತು ಹತ್ತಿತೆಂದರೆ ಸಾಯುವ ತನಕ ಮೂಗು ಅದನ್ನು ಮರೆಯುವುದಿಲ್ಲ. ನನಗೆ ಗುರುತು ಹತ್ತಿಸಿದ್ದು ಇಲಿಗಳು.

ನಗುವುದಿದ್ದರೆ ನಕ್ಕುಬಿಡಿ, ಆಮೇಲೆ ಮುಂದೆ ಓದಿ. ನಾನು ಹರೆಯದಲ್ಲಿ ಇಲಿ ಸಾಕುವ ನೌಕರಿ ಮಾಡಿದವಳು. ಎರಡನೇ ಇಯತ್ತೆಗೆ ಸಾಲಿ ಬಿಟ್ಟಿದ್ದೆ. ಇಷ್ಟಾದರೂ ಬರೆಯಲು ಬಂದದ್ದು ಇಲಿ ಪಂಜರಗಳ ಮೇಲಿನ ಚೀಟಿ ಓದಿ ಓದಿ. ಅಕ್ಷರ ತಪ್ಪಿದ್ದರೆ ಮಗಳು ತಿದ್ದುತ್ತಾಳೆ. ಮಾತು ತಪ್ಪಿದೆ ಅನ್ನಿಸಿದರೆ ಯಾರೂ ತಿದ್ದಬೇಡಿ.

ಹಳೇ ಬಾಗಲಕೋಟೆಯಲ್ಲಿ ಹೊಳೆಯ ಕಡೆಗೆ ಒಂದು ಮುಚ್ಚಿಹೋದ ಹತ್ತಿ ಗೋದಾಮು ಇತ್ತು. ಈಗ ಅದು ಹಿನ್ನೀರಿನೊಳಗಿದೆ, ನಾವು ಇಲಿ ಇಟ್ಟ ಜಾಗದಲ್ಲಿ ಮೀನು ಸಂಸಾರ ಮಾಡಿಕೊಂಡಿರಬಹುದು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಧಾರವಾಡ ಕಡೆಯ ಡಾಕ್ಟರಬಾಯಿ ಒಬ್ಬರು ಆ ಗೋದಾಮು ಹಿಡಿದು, ಸುಣ್ಣ ಬಳಿಸಿ, ತಂತಿಯ ಪಂಜರ ಸಾಲಾಗಿ ಇಡಿಸಿದರು. ಹೊಟ್ಟೆ ಉಬ್ಬಿದವರು, ಕಣ್ಣು ಅರಿಷಿಣವಾದವರು ಆಗ ಸುತ್ತಿನ ಹಳ್ಳಿಗಳಿಂದ ದವಾಖಾನೆಗೆ ಬರುತ್ತಲೇ ಇದ್ದರು. ಕೆಲವರದು ಸೆರೆ ಕುಡಿದು, ಕೆಲವರದು ಕೆಟ್ಟ ನೀರಿನಿಂದ ಬಂದ ಕಾಮಣಿ, ಅಂದರೆ ಕಾಮಾಲೆ. ಕುಡಿಯದ, ಕಾಮಣಿ ಆಗದ ಮನುಷ್ಯನ ಲಿವರು ಯಾಕೆ ಕೆಡುತ್ತದೆ, ಕೆಡದ ಹಾಗೆ ಮಾಡುವುದು ಹೇಗೆ, ಇದು ಡಾಕ್ಟರಬಾಯಿಯ ಹುಚ್ಚು. ಬೂಸರು ಬಂದ ಶೇಂಗಾದ ಮೇಲೆ ಅವರ ಸಂಶಯ. ಅದಕ್ಕೇ ಬಿಳಿ ಇಲಿಗಳ ಮೂರು ಸಾಲು. ಒಂದು ಸಾಲಿಗೆ ಚಲೋ ಶೇಂಗಾ, ಒಂದು ಸಾಲಿಗೆ ಬೂಸರಿನದು, ಮೂರನೆಯದಕ್ಕೆ ಅದೇ ಬೂಸರಿನ ಚೀಲದಿಂದ ಕೆಟ್ಟ ಕಾಳು ಆರಿಸಿ ತೆಗೆದು ಉಳಿದದ್ದು. ಬರೀ ಆರಿಸಿ ತಿಂದರೆ ಸಾಕೋ ಇಲ್ಲವೋ ಅನ್ನುವುದು ಅವರ ಪ್ರಶ್ನೆ. ಬಡವರು ಮಾಡಬಹುದಾದದ್ದು ಅಷ್ಟೇ ತಾನೇ.

ಮೊರದಲ್ಲಿ ಶೇಂಗಾ ಕೇರಿ ಆರಿಸುವುದು, ನೀರು ಬದಲಿಸುವುದು, ಬಸುರಿ ಇಲಿಗೆ ಗೂಡಿಗೆ ಹಾಸಲು ಹುಲ್ಲು ಹಾಕುವುದು ನನ್ನ ಕೆಲಸ. ಓಣಿಯವರು ನನಗೆ "ಇಲಿ ಸೂಲಗಿತ್ತಿ" ಎಂದು ಹೆಸರಿಟ್ಟರು. ನನಗೇನೂ ಬೇಸರವಿರಲಿಲ್ಲ. ಇಲಿ ಬಾಣಂತಿಯರು ಖಾರ ಕೇಳುವುದಿಲ್ಲ, ತವರಿನ ಸುದ್ದಿ ತೆಗೆಯುವುದಿಲ್ಲ.

ಇಲಿಗಳು ಸಾಯುತ್ತಿದ್ದವು, ಅದನ್ನೂ ಹೇಳಿಬಿಡುತ್ತೇನೆ. ಹುಸೇನಸಾಬ ಎಂಬಾತ ನನ್ನ ಜೊತೆಗಿದ್ದ. ಬುಡ್ಡಿಯ ಔಷಧ ಮೂಸಿಸಿ ಅವನ್ನು ಮಲಗಿಸುತ್ತಿದ್ದ, ಡಾಕ್ಟರಬಾಯಿ ಕೊಯ್ದು ಲಿವರು ನೋಡುತ್ತಿದ್ದರು. ನಾನು ಅತ್ತವಳಲ್ಲ. ಒಂದು ಪಂಜರಕ್ಕೆ ನೀರು ಇಡುವುದು ತಡವಾದರೆ ಮಾತ್ರ ನನಗೆ ಉಂಡದ್ದು ಸೇರುತ್ತಿರಲಿಲ್ಲ. ಸಾಯುವ ಪ್ರಾಣಿಗೆ ಬಾಯಾರಿಕೆ ಯಾಕೆ ಬೇಕು.

ಈ ಕಡೆ ಮನೆಯಲ್ಲಿ ನನ್ನ ಅತ್ತೆ. ಗುಳೇದಗುಡ್ಡದ ಹೆಣ್ಣು, ಖಣದ ಮಗ್ಗದ ಸಪ್ಪಳದಲ್ಲಿ ಹುಟ್ಟಿ ಇಳಕಲ್ ಸೀರೆಯ ಮಗ್ಗದ ಮನೆಗೆ ಬಂದವಳು. ಕೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಯದೆ ನೀರು ಮುಟ್ಟುತ್ತಿರಲಿಲ್ಲ, ಪೂಜೆ ಮುಗಿದ ಮೇಲೆ ಯಾರನ್ನೂ ಬಿಡುತ್ತಿರಲಿಲ್ಲ. ಅಡುಗೆಮನೆ ಅವಳ ರಾಜ್ಯ. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಗಡಿಗೆಗೆ ಸೊಸೆ ಕೈ ಹಾಕುವ ಹಾಗಿಲ್ಲ. ಗಂಡನಿಗೆ ಹೇಳೋಣವೆಂದರೆ ಅವನು ಮಗ್ಗದ ಕುಣಿಯಲ್ಲಿ ಕಾಲಿಟ್ಟನೆಂದರೆ ನಮ್ಮ ಜಗಳ ಅವನಿಗೆ ಕೇಳುತ್ತಿರಲಿಲ್ಲ. ನೇಕಾರರ ಗಂಡಸರಿಗೆ ಮಗ್ಗದ ಸಪ್ಪಳ ದೇವರು ಕೊಟ್ಟ ವರ.

ಅತ್ತೆ ಶೇಂಗಾ ತರಿಸುತ್ತಿದ್ದದ್ದು ಕುಳಗೇರಿ ಕ್ರಾಸಿನಿಂದ. ಮಳೆಗೆ ನೆನೆದು ಯಾರೂ ಒಯ್ಯದ ಅಗ್ಗದ ಚೀಲವನ್ನೇ ಹುಡುಕಿ ತರಿಸುತ್ತಿದ್ದಳು. ಬೂಸರನ್ನು ಅರಿವೆಯಿಂದ ತಿಕ್ಕಿ, ಕರ್ರಗಾಗುವಂತೆ ಹುರಿದು, ಬಳ್ಳೊಳ್ಳಿ ಖಾರ ಹಾಕಿ ಕುಟ್ಟಿದರೆ ಹಿಂಡಿ. ನಾವೆಲ್ಲ ವರ್ಷಗಟ್ಟಲೆ ಅದನ್ನೇ ತಿಂದೆವು, ರುಚಿಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನನ್ನ ಮಗಳು ಗಂಗಾಗೆ ಹಿಂದಿನ ವರ್ಷವಷ್ಟೇ ಕಾಮಣಿ ಆಗಿ ಹೋಗಿತ್ತು. "ಕಾಮಣಿ ಬ್ಯಾರೆ, ಬೂಸರು ಬ್ಯಾರೆ. ಆದರ ಒಮ್ಮಿ ಪೆಟ್ಟು ತಿಂದ ಲಿವರಿಗೆ ಇನ್ನೊಂದು ಪೆಟ್ಟು ಬೀಳಬಾರದು" ಎಂದಿದ್ದರು ಡಾಕ್ಟರಬಾಯಿ. ಗಂಗಾ ಮಾತ್ರ ಹಿಂಡಿ ಇಲ್ಲದೆ ರೊಟ್ಟಿ ಮುರಿಯುತ್ತಿರಲಿಲ್ಲ. ಹಗಲೆಲ್ಲ ಗೋದಾಮಿನಲ್ಲಿ ಆ ಕಾಳು ತಿಂದ ಇಲಿ ನೋಡಿ, ಸಂಜೆ ಮನೆಗೆ ಬಂದು ಅದೇ ಕಾಳು ತಿನ್ನುವ ಮಗಳನ್ನು ನೋಡಬೇಕು. ನಾನು ಸುಮ್ಮನಿರುವ ಪೈಕಿ ಅಲ್ಲ.

"ಅತ್ತಿ, ಇದನ್ನ ಕೂಸಿಗೆ ಹಾಕಬ್ಯಾಡ್ರಿ. ಲಿವರ್ ಕೆಡತೈತಿ."

"ಇಲಿ ಬಾಣಂತನಾ ಮಾಡಿ ನೀನೂ ಡಾಕ್ಟರ್ ಆದಿ? ಇಲಿಯಪ್ಪ ನಮ್ಮ ಚೀಲಾ ಕಡದು ದಿನಾ ಇದನ್ನ ತಿಂತಾನ. ಅಂವಗ ಏನಾಗೇತಿ? ಮಗ್ಗದ ಕುಣ್ಯಾಗ ಕುಸ್ತಿ ಆಡ್ತಾನ."

"ನಮ್ಮ ಗೋದಾಮಿನ ಇಲಿ ಬಂದು ನೋಡ್ರಿ, ಕುಸ್ತಿ ಆಡ್ತಾವೋ ಏನು ಮಾಡ್ತಾವೋ."

"ಬರ್ತೇನಿ. ಇಲಿವಾರದ ದಿನಾನ ಬರ್ತೇನಿ."

ಗಣೇಶ ಚೌತಿಯ ಮರುದಿನ ನೇಕಾರರ ಮನೆಯಲ್ಲಿ ಇಲಿವಾರ. ಅಂದು ಮಗ್ಗ ನಿಲ್ಲುತ್ತದೆ, ಕತ್ತರಿ ಮುಟ್ಟುವುದಿಲ್ಲ. ಮುಟ್ಟಿದರೆ ಇಲಿ ವರ್ಷವೆಲ್ಲ ನೂಲು ಕಡಿಯುತ್ತದೆ ಎಂದು ನಂಬಿಕೆ. ಮಾಡಿದ ಅಡುಗೆಯಲ್ಲಿ ಮೊದಲ ಪಾಲು ಮಗ್ಗದ ಕುಣಿಯಲ್ಲಿ ಇಲಿಗೆ ಇಟ್ಟು ಆಮೇಲೆ ಮನೆಯವರು ಉಣ್ಣಬೇಕು. ಆ ವರ್ಷ ಅತ್ತೆ ಕಡುಬಿನ ತಾಟಿಗೆ ಸೆರಗು ಮುಚ್ಚಿಕೊಂಡು ಗೋದಾಮಿಗೆ ಬಂದಳು. ಕುಣಿಯಲ್ಲಿ ಒಂದು ಇಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಲ್ಲಿ ಗೋಡೆ ತುಂಬ ಇಲಿ, ಪುಣ್ಯ ಒಂದೇ ದಿನಕ್ಕೆ ಮುಗಿಯುತ್ತದೆ ಎಂಬುದು ಅವಳ ಲೆಕ್ಕ.

ಹುಸೇನಸಾಬ ಬಾಗಿಲಿಗೆ ಅಡ್ಡ ನಿಂತ. "ಯಮ್ಮಾ, ಇವಕ್ಕ ಪಥ್ಯ ಐತಿ. ಕಡುಬು ಹಾಕೂ ಹಾಂಗಿಲ್ಲ. ನನಗ ಕೊಡು, ನನಗ ಯಾವ ಪಥ್ಯಾನೂ ಇಲ್ಲ."

ಕಡುಬು ಅವನ ಪಾಲಾಯಿತು. ಅತ್ತೆ ಪಂಜರಗಳ ಮುಂದೆ ನಿಧಾನವಾಗಿ ನಡೆದಳು. ಚಲೋ ಶೇಂಗಾದ ಸಾಲಿನ ಇಲಿಗಳಿಗೆ ಕೈ ಮುಗಿದಳು. ಬೂಸರಿನ ಸಾಲಿಗೆ ಬಂದಾಗ ಮುಗಿದ ಕೈ ಇಳಿಯಿತು. ಅಲ್ಲಿನವು ಕೂದಲು ನಿಮಿರಿಸಿಕೊಂಡು, ಬೆನ್ನು ಗೂನು ಮಾಡಿ ಮೂಲೆ ಹಿಡಿದಿದ್ದವು.

"ಇವು ನಿಮ್ಮಂಥ ಶೇಂಗಾ ತಿಂದಾವರಿ" ಅಂದರು ಡಾಕ್ಟರಬಾಯಿ.

"ಹಸೀದು ಹಾಕೀರಿ" ಅಂದಳು ಅತ್ತೆ. "ಹುರೀಲಾರದ ಹಾಕಿದರ ಇಲಿ ಏನು, ಆನಿನೂ ಮಲಗತೈತಿ. ನಾ ಹುರದು ಕೊಡ್ತೇನಿ. ಬೆಂಕಿಗೆ ಹೆದರದ ವಿಷ ಎಲ್ಲೈತಿ?"

ಡಾಕ್ಟರಬಾಯಿ ನಗಲಿಲ್ಲ. ಹೇಳಿದರು, "ಈ ಮಾತು ನನಗ ಎಲ್ಲಾ ಊರಾಗೂ ಕೇಳ್ತಾರ. ಹುರಿದರ ವಿಷ ಹೋಗೂದಿಲ್ಲ ಅಂತ ನಾ ಹೇಳಿದರ ಯಾರೂ ನಂಬೂದಿಲ್ಲ. ಕೊಡ್ರಿ. ನಿಮ್ಮ ಹಂಚಿನ ಮ್ಯಾಲೆ ನೀವ ಹುರದು ಕೊಡ್ರಿ. ನಿಮಗೊಂದು ಪಂಜರ."

ಹಾಗೆ ನನ್ನ ಅತ್ತೆ ಪ್ರಯೋಗಕ್ಕೆ ಕೂತಳು. ಕರಾರು ನಾನು ಹಾಕಿದೆ. ಯುಗಾದಿಯ ತನಕ ಗಂಗಾಳ ತಾಟಿಗೆ ಆ ಹಿಂಡಿ ಬೀಳಬಾರದು. ಇಲಿ ಗಟ್ಟಿ ಉಳಿದರೆ ನಾನು ಗಡಿಗೆಯ ಸುದ್ದಿ ತೆಗೆಯುವುದಿಲ್ಲ, ಕೆಟ್ಟರೆ ಅಂಥ ಚೀಲ ಮತ್ತೆ ಹೊಸ್ತಿಲು ದಾಟುವ ಹಾಗಿಲ್ಲ. "ಆತು" ಅಂದಳು ಅತ್ತೆ. ಆ ಚಳಿಗಾಲ ಗಂಗಾ ಹುರಿಗಡಲೆಯ ಪುಟಾಣಿ ಹಿಂಡಿ ಹಚ್ಚಿಕೊಂಡು ಅಳುತ್ತಾ ರೊಟ್ಟಿ ತಿಂದಳು.

ಅತ್ತೆ ತನ್ನ ಪಂಜರದ ದೊಡ್ಡ ಇಲಿಗೆ "ಗೌಡ" ಎಂದು ಹೆಸರಿಟ್ಟಳು. ದಿನಾ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ವಿಚಾರಣೆ. "ನಮ್ಮ ಗೌಡ ಹ್ಯಾಂಗದಾನ?" ತನ್ನ ಗಂಡನ ಆರೋಗ್ಯವನ್ನು ಅವಳು ಅಷ್ಟು ಕಾಳಜಿಯಿಂದ ಕೇಳಿದ್ದು ನಾನು ಕಾಣೆ. ಹುರಿದ ಶೇಂಗಾ ಡಬ್ಬಿಯಲ್ಲಿ ತುಂಬಿ ಕೊಡುವಾಗ, "ಇದನ್ನ ನೀ ನಡುದಾರ್ಯಾಗ ಬದಲಿ ಮಾಡಬ್ಯಾಡ ಮತ್ತ" ಎಂದು ನನ್ನ ಮುಖ ನೋಡುತ್ತಿದ್ದಳು. ಬದಲಿ ಮಾಡುವ ಅಗತ್ಯ ನನಗಿರಲಿಲ್ಲ. ನಾನು ಗೆಲ್ಲುತ್ತೇನೆಂದು ನನಗೆ ಗೊತ್ತಿತ್ತು.

ಸಂಕ್ರಾಂತಿಗೆ ಗೌಡ ಮಂಕಾದ. ತೂಕ ಏರುವುದು ನಿಂತಿತು. ಅತ್ತೆ ಬಂದು ನೋಡಿ, "ದೃಷ್ಟಿ ಆಗೇತಿ. ಈಕೀದ" ಎಂದು ನನ್ನ ಕಡೆಗೆ ಕೈ ಮಾಡಿ, ಪಂಜರಕ್ಕೆ ಕರಿದಾರ ಕಟ್ಟಿದಳು. ಡಾಕ್ಟರಬಾಯಿ ದಾರ ಬಿಚ್ಚಿಸಲಿಲ್ಲ. "ದಾರದಿಂದ ಲಿವರಿಗೆ ಏನೂ ಆಗೂದಿಲ್ಲ. ಇರಲಿ" ಅಂದರು.

ಯುಗಾದಿ ಬಂತು. ಕೊಯ್ಯುವ ದಿನ ಅತ್ತೆಯನ್ನು ಬರಬೇಡ ಅಂದೆವು. ಲಿಂಗ ಕಟ್ಟಿದ ಮುದುಕಿ, ರಕ್ತ ನೋಡಿದವಳಲ್ಲ. "ನನ್ನ ಇಲಿ, ನಾನ ನೋಡ್ತೇನಿ" ಎಂದು ಬಂದು ಸ್ಟೂಲಿನ ಮೇಲೆ ಕೂತಳು. ಗೌಡ ಮಲಗಿದ ಮೇಲೆ ಡಾಕ್ಟರಬಾಯಿ ಎರಡು ಬಟ್ಟಲು ಅವಳ ಮುಂದೆ ಇಟ್ಟರು. ಒಂದರಲ್ಲಿ ಚಲೋ ಶೇಂಗಾ ತಿಂದ ಇಲಿಯ ಲಿವರು, ಕೆಂಪಗೆ, ಕೈ ಜಾರುವಷ್ಟು ನಯ. ಇನ್ನೊಂದು ಗೌಡನದು. ಮಾಸಲು ಹಳದಿ, ಮೈಯೆಲ್ಲ ಗಂಟು.

ಅತ್ತೆ ಬಗ್ಗಿ ನೋಡಿದಳು. ಕೆಟ್ಟ ಸೀರೆ ಮಡಚಿ ವಾಪಸು ಕೊಡುವಾಗ ಅವಳ ಮುಖ ಹಾಗಾಗುತ್ತಿತ್ತು. "ಹಾಸಿನ ನೂಲಿನೊಳಗ ಗಂಟು ಬಿದ್ದಂಗ ಬಿದ್ದಾವಲ್ಲ" ಅಂದಳು. ಎದ್ದು ಪಂಜರದ ಕರಿದಾರ ತಾನೇ ಬಿಚ್ಚಿಕೊಂಡು ಹೋದಳು.

ಮಾತಿಗೆ ತಪ್ಪಲಿಲ್ಲ. ಅಂಥ ಚೀಲ ಮತ್ತೆ ಬರಲಿಲ್ಲ. ಮನೆಯಲ್ಲಿ ಉಳಿದಿದ್ದ ಅರ್ಧ ಚೀಲವನ್ನು ಮೊರದಲ್ಲಿ ಹಾಕಿಕೊಂಡು ಕೂತು ಒಂದೊಂದೇ ಕಾಳು ಆರಿಸಿದಳು. ಅಷ್ಟರಲ್ಲಿ ನಮ್ಮ ಮೂರನೇ ಸಾಲಿನ ಇಲಿಗಳೂ ಚೆನ್ನಾಗಿಯೇ ಉಳಿದಿದ್ದವು. ಹುಷಾರಾಗಿ ಆರಿಸಿದರೆ ಪೆಟ್ಟು ಬಹಳ ಕಡಿಮೆ ಎಂದು ಡಾಕ್ಟರಬಾಯಿ ಊರೂರಿಗೆ ಹೋಗಿ ಹೇಳತೊಡಗಿದ್ದರು. ಗಂಗಾಗೆ ಬೆಳ್ಳಗಿನ ಚಲೋ ಹಿಂಡಿ ಸಿಕ್ಕಿತು. ನಾನು ಓಣಿಯಲ್ಲಿ ಎದೆ ಎತ್ತಿ ನಡೆದೆ.

ಆರಿಸಿ ತೆಗೆದ ಕೆಟ್ಟ ಕಾಳು ಎಲ್ಲಿ ಹೋಗುತ್ತಿದೆ ಎಂದು ನಾನು ಕೇಳಲೇ ಇಲ್ಲ. ಗೆದ್ದವರು ಕೇಳುವುದಿಲ್ಲ.

ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದೆ. ಗಂಡ ಸೀರೆ ಕೊಡಲು ಇಳಕಲ್ಲಿಗೆ ಹೋಗಿದ್ದ, ಮಗ್ಗ ಸುಮ್ಮನಿತ್ತು. ಅತ್ತೆ ಮಗ್ಗದ ಮಗ್ಗುಲಲ್ಲಿ ನನ್ನ ಕಡೆ ಬೆನ್ನು ಮಾಡಿ ಉಣ್ಣುತ್ತಿದ್ದಳು. ರೊಟ್ಟಿಯ ಮೇಲೆ ಕರ್ರಗಿನ ಹಿಂಡಿ. ವಾಸನೆ ನನಗೆ ಹೊಸ್ತಿಲಲ್ಲೇ ಹತ್ತಿತು.

"ಏನ ಅತ್ತಿ ಅದು?"

"ಹಿಂಡಿ."

"ಗೌಡನ್ನ ನೋಡಿದ್ದಿಲ್ಲೇನು ನೀವು?"

"ನೋಡೀನಿ. ಗೌಡ ಹರೇದಾಂವ ಇದ್ದ. ನಂದೇನು, ಇನ್ನ ಉಣ್ಣೂದು ಎಷ್ಟು ಉಳದೈತಿ? ನಿಮಗ ಚಲೋದು ಹಾಕೀನಲ್ಲ. ಅನ್ನ ಅದು. ತಿಪ್ಪಿಗೆ ಚೆಲ್ಲಾಕ ನನ್ನ ಕೈ ಏಳೂದಿಲ್ಲ."

ನಾನು ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ನೆಲುವಿನ ಮೇಲಿದ್ದ ಆ ಕಾಳಿನ ಗಡಿಗೆ ಇಳಿಸಿ ಹಿತ್ತಲಿಗೆ ಒಯ್ದು, ನೂಲಿಗೆ ಕಲಸಿದ್ದ ನೀಲಿ ಬಣ್ಣದ ಬಾನಿಗೆ ಬೋರಲು ಹಾಕಿದೆ. ಅವಳ ತಾಟಿನಲ್ಲಿದ್ದದ್ದನ್ನೂ ಹಾಕಿದೆ. ಕಾಳು ಮುಳುಗಿ ನೀಲಿಯಾಗಿ ಎದ್ದವು. ಅದನ್ನು ಇನ್ನು ಮನುಷ್ಯರು ತಿನ್ನುವ ಹಾಗಿರಲಿಲ್ಲ, ಇಲಿಯಪ್ಪನೂ.

"ಅನ್ನಕ್ಕ ಬಣ್ಣಾ ಹಾಕಿದಿ" ಅಂದಳು ಅತ್ತೆ. "ಬಣ್ಣಾನೂ ಕೆಡಿಸಿದಿ."

ಶ್ರಾವಣ ಬರುವವರೆಗೆ ನನ್ನ ಜೊತೆ ಮಾತಿಲ್ಲ. ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಿದ್ದಳು, ಗೋಡೆಯಿಂದ ನಾನು ಕೇಳಿಸಿಕೊಳ್ಳುತ್ತಿದ್ದೆ. ಶ್ರಾವಣದಲ್ಲಿ ಅಂಗಡಿಯಿಂದ ಚಲೋ ಶೇಂಗಾ ಬಂತು, ಆರಿಸಿದಳು, ಒಂದು ಬೊಗಸೆ ಕೆಟ್ಟದ್ದು ಉಳಿಯಿತು. ನಾನು ಕಣ್ಣಿಟ್ಟು ಕೂತಿದ್ದೆ. ಬೊಗಸೆ ಹಿಡಿದು ಹಿತ್ತಲಿಗೆ ಹೋದಳು. ಬಾನಿಯ ತಳದಲ್ಲಿ ಉಳಿದ ತೆಳ್ಳಗಿನ ಬಣ್ಣವನ್ನು ಒಂದು ಕರಟದಲ್ಲಿ ತೋಡಿಕೊಂಡು ಕಾಳಿನ ಮೇಲೆ ಸುರಿದಳು. ಹೊರಳಿ, ಗೋಡೆಗಲ್ಲ, ನನಗೇ ಹೇಳಿದಳು. "ಇಷ್ಟ ಸಾಕಾಗತೈತಿ. ನೀ ಬಾನಿಗೆ ಬಾನೀನ ಹಾಳು ಮಾಡಿದಿ."

ಅವಳು ಲಿವರಿನಿಂದ ಸಾಯಲಿಲ್ಲ. ಎಷ್ಟೋ ವರ್ಷಗಳ ನಂತರ ಮಹಾಕೂಟದ ಹೊಂಡದ ಮೆಟ್ಟಿಲಲ್ಲಿ ಜಾರಿ ತೊಡೆ ಮುರಿದುಕೊಂಡು ಹಾಸಿಗೆ ಹಿಡಿದು ಹೋದಳು. ಹೋಗುವ ಮುಂಚೆಯೂ ಹಿಂಡಿಗೆ ಉಪ್ಪು ಕಡಿಮೆ ಅಂದಳು.

ಮೊನ್ನೆಯ ಶೇಂಗಾಕ್ಕೆ ಬರುತ್ತೇನೆ. ಮಗಳು ಕೆಲಸಕ್ಕೆ ಹೋದ ಮೇಲೆ ನಾನು ಮೊರ ಇಳಿಸಿಕೊಂಡು ಆರಿಸಲು ಕೂತೆ. ಸುಕ್ಕಿದ್ದು, ಕಪ್ಪಾದದ್ದು, ಹಸಿರು ಧೂಳು ಹತ್ತಿದ್ದು, ಎಲ್ಲ ಒಂದು ಕಡೆ. ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ಚಲೋದು ಡಬ್ಬಿಗೆ ಹೋಯಿತು. ಒಂದು ಹಿಡಿ ಕೆಟ್ಟದ್ದು ಅಂಗೈಯಲ್ಲಿ ಉಳಿಯಿತು. ಇಷ್ಟಕ್ಕೆ ಏನಾಗುತ್ತದೆ, ಅನ್ನ ಅಲ್ಲವೇ, ನನ್ನದೇನು ಉಳಿದಿದೆ ಅಂದುಕೊಂಡೆನೋ ಏನೋ, ಒಂದು ಕಾಳು ಹಲ್ಲಿಗೆ ಸಿಕ್ಕ ಮೇಲೆ ಗೊತ್ತಾಯಿತು. ಕಹಿ. ಉಗುಳಿದೆ.

ಎದ್ದು ಅರಿವೆಗೆ ಹಾಕುವ ನೀಲಿಯ ಬಾಟಲಿ ಹುಡುಕಿದೆ. ಕಾಳನ್ನು ಬಟ್ಟಲಿಗೆ ಹಾಕಿ, ಒಂದೆರಡು ಹನಿಯಷ್ಟೇ ಬಿಟ್ಟು ಕಲಸಿದೆ. ಸಂಜೆ ಗಂಗಾ ಬಂದು ನೀಲಿ ಕಾಳು ನೋಡಿದಳು, ನೀಲಿಯಾದ ನನ್ನ ಬೆರಳೂ ನೋಡಿದಳು.

"ಇದೇನವ್ವ ಇದು? ಕಸದ ಡಬ್ಬ್ಯಾಗ ಒಗದಿದ್ದರ ಆಗ್ತಿದ್ದಿಲ್ಲೇನು?"

"ಡಬ್ಬಿ ಮುಚ್ಚಳಾ ತಗ್ಯಾಕ ಬರತೈತಿ" ಅಂದೆ. "ಈ ಮನ್ಯಾಗ ಒಬ್ಬಾಕಿ ಮುದುಕಿ ಅದಾಳ. ಆಕೀನ್ನ ನಂಬಬ್ಯಾಡ."