ಧೂಳಿನ ಚೀಲವೂ ರಕ್ತದ ಪೊರೆಯೂ

ಮಾಮಾ ಡಯಾಲಿಸಿಸ್‌ನ ಒಂದು ಸರದಿ ತಪ್ಪಿಸಿದ್ದಾರೆ ಎಂದು ಅತ್ತೆ ಫೋನ್ ಮಾಡಿದಾಗ ನಾನು ಹೈದರಾಬಾದಿನ ಲ್ಯಾಬಿನಲ್ಲಿದ್ದೆ. ಶಹಾಬಾದದಲ್ಲಿ ಅವರು ಹೋಗುವ ಕೇಂದ್ರದವರು ಇನ್ನುಮೇಲೆ ಪ್ರತಿ ಸಲವೂ ರಕ್ತ ಸೋಸಲು ಹೊಸ ಟ್ಯೂಬ್ ಎಂದಿದ್ದರು. ಮೊದಲಿನ ಹಾಗೆ ಒಂದೇ ಟ್ಯೂಬನ್ನು ತೊಳೆದು ತೊಳೆದು ಬಳಸುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು. ನಮ್ಮ ಮಾಮಾ, ಎಂದರೆ ನನ್ನ ತಾಯಿಯ ತಮ್ಮ, "ಹಳೇದ ಹಾಕ್ರಿ, ಇಲ್ಲಾಂದ್ರ ನಾ ಬರಂಗಿಲ್ಲ" ಎಂದು ವಾಡಿಯ ಮನೆಗೆ ಮರಳಿದ್ದರಂತೆ.

"ಕಾಲ್ ಬಾತಾವ. ಮಕ್ಕೊಂಡ್ರ ಉಸರ ಹಿಡೀಲಿಕತ್ತದ," ಎಂದರು ಅತ್ತೆ. "ನನ್ನ ಮಾತ್ ಕೇಳಂಗಿಲ್ಲ. ನೀ ಕಪ್ ಗೆದ್ದಾಕಿ ಇದ್ದಿ ಅಲ, ಬಂದ್ ವಾದ ಮಾಡು."

ಕಪ್ ಗೆದ್ದದ್ದು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ. ಈಗ ನನ್ನ ಕೆಲಸ ಬೇರೆ. ದೇಹದೊಳಗೇ ಇಟ್ಟು ರಕ್ತವನ್ನು ಶುದ್ಧ ಮಾಡುವ ಸಾಧನವೊಂದಕ್ಕೆ ಪೊರೆ ರೂಪಿಸುವ ತಂಡದಲ್ಲಿ ನಾನು ಸಂಶೋಧನಾ ವಿದ್ಯಾರ್ಥಿನಿ. ನಮ್ಮ ಸಾಧನ ಇನ್ನೂ ಯಾರ ದೇಹದೊಳಗೂ ಹೋಗಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ತೊಂದರೆಯೆಲ್ಲ ರಕ್ತದ್ದು. ಎಷ್ಟು ನುಣುಪಾದ ಪೊರೆ ಮಾಡಿದರೂ ತಾಗಿದ ಕ್ಷಣವೇ ಅದು ಹೊರಗಿನದೆಂದು ರಕ್ತಕ್ಕೆ ಗೊತ್ತಾಗುತ್ತದೆ. ಮೊದಲು ಪ್ರೋಟೀನುಗಳು ಬಂದು ಕೂರುತ್ತವೆ, ಅವುಗಳ ಮೇಲೆ ರಕ್ತಕಣಗಳು, ಆಮೇಲೆ ಹೆಪ್ಪು. ಆ ಮೊದಲಿನವು ಕೂರದ ಹಾಗೆ ಪೊರೆಯ ಮೇಲೆ ನೀರನ್ನು ಹಿಡಿದಿಡುವ ತೆಳುವಾದ ಲೇಪ ಕೊಡುವುದೇ ನಮ್ಮ ಇಡೀ ಪ್ರಯತ್ನ.

ಮರುದಿನ ಬೆಳಗಿನ ರೈಲಿಗೆ ವಾಡಿಗೆ ಬಂದೆ. ಮಾಮಾ ಕುರ್ಚಿಯಲ್ಲೇ ಒರಗಿದ್ದರು, ಕಣ್ಣಿನ ಕೆಳಗೆ ಊದಿಕೊಂಡಿತ್ತು.

"ವಕೀಲಮ್ಮ ಬಂದ್ಳು. ಆಕಿಗಿ ಮೊದಲ ನೀರ್ ಕೊಡ, ಗಂಟಲ ಒಣಗ್ಯದ," ಎಂದರು ಅತ್ತೆಗೆ.

"ಸೂಜಿ ಚುಚ್ಚಿಸ್ಕೋಬ್ಯಾಡ್ರಿ ಮಾಮಾ. ಬರೇ ಕೇಂದ್ರದತನಕ ಬರ್ರಿ, ಸಿಸ್ಟರ್ ಮುಂದ ಮಾತಾಡಮು. ನಾ ಸೋತ್ರ ವಾಪಸ್ ಬರಮು."

ಸ್ಪರ್ಧೆ ಎಂದರೆ ಮಾಮಾ ಬಿಡುವವರಲ್ಲ. ಆಟೋ ಹತ್ತಿದರು.

ಕೇಂದ್ರದ ಹೊರಗಿನ ಸ್ಟೀಲ್ ಬೆಂಚಿನ ಮೇಲೆ ಅವರು ತಮ್ಮ ವಾದ ಮಂಡಿಸಿದರು. ಅವರ ಸರ್ವಿಸೆಲ್ಲ ಕಳೆದದ್ದು ಸಿಮೆಂಟ್ ಕಾರ್ಖಾನೆಯ ಬ್ಯಾಗ್ ಹೌಸಿನಲ್ಲಿ. ಧೂಳು ತುಂಬಿದ ಗಾಳಿಯನ್ನು ಉದ್ದುದ್ದ ಬಟ್ಟೆಚೀಲಗಳ ಮೂಲಕ ಹಾಯಿಸಿ ಶುದ್ಧ ಮಾಡುವ ಜಾಗ ಅದು.

"ಹೊಸಾ ಚೀಲ ಹಾಕಿದ ದಿನಾ ಚಿಮಣಿ ಹೊಗಿ ಉಗುಳತದ. ಯಾಕ? ಬಟ್ಟಿ ಏನೂ ಹಿಡಿಯಂಗಿಲ್ಲ. ಬಟ್ಟಿ ಮ್ಯಾಲ ಧೂಳ ಕುಂತ ಮ್ಯಾಲ, ಆ ಧೂಳೇ ಧೂಳ ಹಿಡೀತದ. ಟ್ಯೂಬನೂ ಅಷ್ಟ. ಹೊಸಾದ ಹಾಕಿದ್ದಾಗ ನಾ ಗಡಗಡ ನಡಗಿನಿ. ತೊಳದ ಹಾಕಿದ ಮ್ಯಾಲ ಆರಾಮ. ಈಗ ಹೇಳ."

ಎದುರಾಳಿಯ ಬಲವಾದ ಅಂಶವನ್ನು ಮುಚ್ಚಿಡುವುದು ಕಳಪೆ ವಾದ. "ಒಂದ್ ಮಾತ್ ಖರೇ ಅದ ಮಾಮಾ," ಎಂದೆ. "ಹಿಂದಿನ ಕಾಲದ ಟ್ಯೂಬಿನಾಗ ಹಂಗ ಆಗ್ತಿತ್ತು. ಪ್ರೋಟೀನ್ ಕುಂತ ಮ್ಯಾಲ ರಕ್ತದ ಸಿಟ್ಟ ಕಮ್ಮಿ ಆಗ್ತಿತ್ತು."

"ಕೇಳ್ದಿ?" ಎಂದರು ಅತ್ತೆಯತ್ತ ತಿರುಗಿ. "ಒಪ್ಪಿದ್ಳು."

"ನೀ ಯಾರ ಕಡಿ ಇದ್ದಿ ಯವ್ವಾ?" ಅತ್ತೆ ನನ್ನ ಭುಜ ತಿವಿದರು.

"ಮಾಮಾ, ಧೂಳ ಭಾಳ ಕುಂತು ಒತ್ತಡದ ಮೀಟರ್ ಏರಿತಂದ್ರ ಏನ್ ಮಾಡ್ತಿದ್ರಿ?"

"ಗಾಳಿ ಹೊಡೀತೀವಿ. ಧಡ್ ಅಂತ ಚೀಲ ಉಬ್ಬತದ, ಧೂಳ ಉದುರತದ."

"ಉದುರಿ ಎಲ್ಲಿ ಹೋಗತದ?"

"ಕೆಳಗ ಹಾಪರ್ ಅಂತ ದೊಡ್ಡ ಲಾಳಿಕಿ ಇರತದ. ಅದರಾಗ ಬಿದ್ದು ಮತ್ತ ಸಿಮೆಂಟಿಗೇ ಹೋಗತದ."

"ಟ್ಯೂಬಿನಾಗ ಕುಂತದ್ದು ರಕ್ತದಾಗ ಉದುರಿತಂದ್ರ?"

ಅವರ ಕೈ ತಂತಾನೆ ಎದೆಯ ಮೇಲೆ ಹೋಯಿತು. ಮೈಯೊಳಗೆ ಹಾಪರ್ ಇಲ್ಲ. ಉದುರಿದ್ದು ಶ್ವಾಸಕೋಶಕ್ಕೆ ಹೋದೀತು, ಮಿದುಳಿಗೆ ಹೋದೀತು. ಆಗಲೇ ಯಾರದೋ ಸರದಿ ಮುಗಿದು ಸಿಸ್ಟರ್ ಬಳಸಿದ ಟ್ಯೂಬೊಂದನ್ನು ಟ್ರೇನಲ್ಲಿ ಒಯ್ಯುತ್ತಿದ್ದರು. ಮಾಮಾ ತಡೆದು ನೋಡಿದರು. ಕೂದಲಿನಂಥ ಸಾವಿರಾರು ಬಿಳಿ ನಾಳಗಳ ನಡುವೆ ಕೆಲವು ಕಪ್ಪಗೆ ಕಟ್ಟಿಕೊಂಡಿದ್ದವು.

"ಇಷ್ಟ ಹೊತ್ತಿನಾಗೇ ಕಟ್ಟತಾವ?"

"ಹೆಪ್ಪ ಕಟ್ಟದ ಔಷಧಿ ಹಾಕಿದ್ರೂ ಒಂದೆರಡ ಕಟ್ಟತಾವ್ರಿ ಕಾಕಾ," ಎಂದರು ಸಿಸ್ಟರ್.

ಮಾಮಾ ನನ್ನ ಕಡೆ ತಿರುಗಿ ಕೇಳಿದರು. "ಹಂಗಾರ ನನ್ನ ನರದಾಗ ಯಾಕ ಕಟ್ಟಂಗಿಲ್ಲ? ಹುಟ್ಟಿದಾಗಿಂದ ಹರೀಲಿಕತ್ತದ. ಯಾರ್ ಗಾಳಿ ಹೊಡದಾರ? ಯಾರ್ ತೊಳದಾರ?"

ಉತ್ತರ ನನಗೆ ಗೊತ್ತಿತ್ತು, ಪುಸ್ತಕದಲ್ಲಿದೆ. ರಕ್ತನಾಳದ ಒಳಮೈಗೆ ಒಂದೇ ಕೋಶದಷ್ಟು ದಪ್ಪದ ಅಸ್ತರಿ ಇದೆ. ಅದು ಜೀವಂತ. ಹರಿಯುವ ರಕ್ತಕ್ಕೆ ಅದು ಪ್ರತಿ ಕ್ಷಣ "ಸುಮ್ಮನಿರು, ನಾನು ನಿನ್ನವಳೇ" ಎಂದು ತಿಳಿಸುತ್ತಲೇ ಇರುತ್ತದೆ. ಸವೆದ ಕಡೆ ತಾನೇ ಹೊಸದಾಗುತ್ತದೆ. ಮೈಯೊಳಗಿನ ಎಲ್ಲ ನಾಳಗಳನ್ನೂ ಬಿಡಿಸಿ ಹಾಸಿದರೆ ಆ ಕಟ್ಟಡದ ನೆಲ ಸಾಲುತ್ತಿರಲಿಲ್ಲ. ಇಷ್ಟನ್ನೂ ಅವರಿಗೆ ಹೇಳುತ್ತ ಹೋದಂತೆ ನನ್ನ ದನಿ ತಗ್ಗಿತು. ನಮ್ಮ ಅತ್ಯುತ್ತಮ ಪೊರೆ ಅಂಗೈಯಲ್ಲಿ ಅಡಗುತ್ತದೆ. ಅದನ್ನು ಕೆಲವು ವಾರ ರಕ್ತದಿಂದ ಕಾಪಾಡಿದರೆ ನಾವು ಲ್ಯಾಬಿನಲ್ಲಿ ಪೇಢೆ ಹಂಚುತ್ತೇವೆ.

"ಶಟ್‌ಡೌನ್ ಇಲ್ಲದ?" ಎಂದರು ಮಾಮಾ.

"ಒಂದ್ ದಿನಾನೂ ಇಲ್ಲದ."

"ಸಿಮೆಂಟ್ ಸುಡೂ ಕಿಲ್ನಿಗೂ ವರ್ಷಕ್ಕೊಮ್ಮೆ ಬಂದ್ ಬೇಕಾಗತದ." ಅವರು ನನ್ನ ಬೆರಳು ಹಿಡಿದು ತಮ್ಮ ಎಡಗೈಯ ಮೇಲಿಟ್ಟರು. ಡಯಾಲಿಸಿಸ್‌ಗೆಂದು ಅಲ್ಲಿ ಎರಡು ನಾಳಗಳನ್ನು ಜೋಡಿಸಿ ಹೊಲಿದಿದ್ದಾರೆ. ಚರ್ಮದ ಕೆಳಗೆ ರಕ್ತ ಗುಂಯ್ ಎನ್ನುತ್ತಿತ್ತು, ದೂರದಲ್ಲಿ ಗಿರಣಿ ನಡೆದ ಹಾಗೆ. ಪವಾಡ ಎಂದವರಿಗೆ ಸಾಕ್ಷಿ ಕೇಳುವುದು ನನ್ನ ಚಾಳಿ. ಇಲ್ಲಿ ಸಾಕ್ಷಿ ಬೆರಳ ಕೆಳಗೇ ಇತ್ತು. ಕೋಟ್ಯಂತರ ವರ್ಷಗಳ ವಿಕಾಸ ಎನ್ನಬಲ್ಲೆ, ಅದು ನಿಜವೂ ಹೌದು. ಅದರಿಂದ ಬೆರಗು ಒಂದಿಷ್ಟೂ ಕಡಿಮೆಯಾಗುವುದಿಲ್ಲ.

"ಇಂಥಾದ್ದು ನೀವ್ ಮಾಡ್ಲಿಕತ್ತೀರಿ?"

"ಇಂಥಾದ್ದಲ್ಲ ಮಾಮಾ. ಇದರ ನಕಲು ಮಾಡ್ಲಿಕ್ಕ ನೋಡ್ಲಿಕತ್ತೀವಿ. ಅದು ಬರೂತನಕ ನೀವ್ ಇರಬೇಕಲ್ರಿ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಮಾಮಾ ಎದ್ದು, ಬಾತ ಕಾಲನ್ನು ನಿಧಾನಕ್ಕೆ ಎಳೆಯುತ್ತ ಒಳಗೆ ಹೋಗಿ ಹಾಸಿಗೆಯ ಮೇಲೆ ಕುಳಿತರು. "ಹೊಸಾದೇ ಹಾಕ್ರಿ ಸಿಸ್ಟರ್. ನಡಗಿದ್ರ ಈ ವಕೀಲಮ್ಮನ ಹಿಡೀರಿ."

ರಕ್ತ ಬಿಳಿ ನಾಳಗಳೊಳಗೆ ಹೊಕ್ಕಿತು. ಟ್ಯೂಬು ಮೊದಲು ನಸುಗೆಂಪು, ನೋಡನೋಡುತ್ತ ಕಡುಗೆಂಪು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರ ಗದ್ದ ಅದುರಿತು. ಸಿಸ್ಟರ್ ಬಂದು ಬಿಪಿ ನೋಡಿ, ಸರಿ ಇದೆ ಎಂದರು. ಮಾಮಾ ಹೊದಿಕೆಯನ್ನು ಕುತ್ತಿಗೆವರೆಗೆ ಎಳೆದುಕೊಂಡರು.

"ಎಸಿ ಭಾಳ ಇಟ್ಟೀರಿ," ಎಂದರು, ನನ್ನ ಕಡೆ ನೋಡದೆ. "ಮುಂದಿನ ಸಲ ಬಂದಾಗ ನನಗ ಆ ಕಿಟಕಿ ಕಡಿ ಖಾಟ ಕೊಡ್ರಿ."