ಸೊನ್ನೆಗೆ ಎಳೆದ ಗೀಟು

ಐವತ್ತರ ದಶಕದ ಮಾತು. ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ಗಣಿತದಲ್ಲಿ ಒಮ್ಮೆ ನಪಾಸಾಗಿದ್ದೆ. ರೋಣದಲ್ಲಿ ಕಾರಕೂನರಾಗಿದ್ದ ಅಪ್ಪ, "ಇದೊಂದ ಸಲ ನೋಡತೇನಿ. ಮತ್ತ ನಪಾಸಾದಿ ಅಂದ್ರ ಜಕ್ಕಲಿಗೆ ಹೋಗಿ ನಿಮ್ಮ ಮಾವನ ಹೊಲದಾಗ ದುಡಿ," ಎಂದಿದ್ದರು. ನನಗೆ ಹೊಲ ಬೇಕಿರಲಿಲ್ಲ, ಗಣಿತ ಬೇಕಿತ್ತು.

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಪರೀಕ್ಷೆಗೆ ಓದಲು ಹೋದದ್ದು ಅದೇ ಸೋದರಮಾವನ ಮನೆಗೆ, ಅದೂ ಸುಗ್ಗಿಯಲ್ಲಿ. ಪುಸ್ತಕ ತೆರೆಯುವಷ್ಟರಲ್ಲಿ ಕಣದಿಂದ ಕೂಗು: "ಗಾಳಿ ಬಂತು, ಲಗೂ ಬಾರೋ!" ಗಾಳಿ ಬಂದಾಗ ತೂರಿಕೋ ಎನ್ನುವುದು ಬೇರೆಯವರಿಗೆ ಗಾದೆ, ನನಗೆ ಕಾಟ. ಮಾವ ಮೂರು ಕಾಲುಳ್ಳ ಎತ್ತರದ ಮೆಟ್ಟಿನ ಮೇಲೆ ನಿಂತು ಬುಟ್ಟಿಯಿಂದ ಜೋಳ ಸುರಿಯುವನು. ಕಾಳು ಬುಡಕ್ಕೆ, ಹೊಟ್ಟು ದೂರಕ್ಕೆ. ಕೆಳಗಿನಿಂದ ಬುಟ್ಟಿ ತುಂಬಿ ಕೊಡುವ ನನ್ನ ಕಣ್ಣು, ಮೂಗು, ಅಂಗಿಯೊಳಗೆಲ್ಲ ಹೊಟ್ಟು. ಹರಿಯುವ ನೀರು, ಬೀಸುವ ಗಾಳಿ ಅಡ್ಡಬಂದದ್ದನ್ನು ಎಷ್ಟು ನೂಕುತ್ತವೆ ಎಂಬ ಅಧ್ಯಾಯವನ್ನು ತುರಿಸಿಕೊಳ್ಳುತ್ತಲೇ ಓದಿದೆ. ಕೊನೆಯ ಪುಟ ಮಾತ್ರ ಮುಟ್ಟಲೇ ಇಲ್ಲ. ಪ್ರತಿ ಸಲವೂ ಗಾಳಿ ಬಂತು.

ಪರೀಕ್ಷೆಯಲ್ಲಿ ಅದೇ ಬರಬೇಕೆ! ಸಮನಾಗಿ ಬೀಸುವ ಗಾಳಿ ಒಂದು ಗುಂಡನ್ನು ಎಷ್ಟು ನೂಕುತ್ತದೆ, ಕಂಡುಹಿಡಿಯಿರಿ. ಮೂರು ಪುಟ ಬರೆದೆ. ಗುಂಡಿನ ಮುಂದಿನ ಒತ್ತಡ, ಹಿಂದಿನ ಒತ್ತಡ ಸರಿಸಮವಾಗಿ ಉತ್ತರ ಸೊನ್ನೆ ಬಂತು. ಗಾಳಿ ನೂಕುವುದೇ ಇಲ್ಲವಾದರೆ ಮಾವನ ಕಣದಲ್ಲಿ ಹೊಟ್ಟು ಹಾರುವುದು ಹೇಗೆ? ಮತ್ತೆ ಮಾಡಿದೆ. ಮತ್ತೆ ಸೊನ್ನೆ. ಸಿಟ್ಟು ನೆತ್ತಿಗೇರಿ ಎಲ್ಲ ಪುಟಗಳಿಗೂ ಅಡ್ಡಗೀಟು ಎಳೆದು ಎದ್ದುಬಂದೆ.

ನಪಾಸಾದೆ. ಟ್ರಂಕು ತರಲು ಧಾರವಾಡಕ್ಕೆ ಹೋದಾಗ ನಮ್ಮ ಪ್ರಾಧ್ಯಾಪಕರಿಗೆ ಇದನ್ನು ಹೇಳಿದೆ. ಅವರು ಹಣೆ ಚಚ್ಚಿಕೊಂಡರು. "ಸೊನ್ನೀನ ಖರೇ ಉತ್ತರ ಆಗಿತ್ತಲ್ಲೋ! ಇನ್ನೂರ ವರ್ಷದ ಹಿಂದಿನ ಲೆಕ್ಕ ಅದು. ಅದರಾಗಿನ ಗಾಳಿಗೆ ಅಂಟಿಲ್ಲ, ತಿಕ್ಕಾಟಿಲ್ಲ. ಅಂಥಾ ಗಾಳಿ ಎಲ್ಲೂ ಇಲ್ಲಂತ ಲೆಕ್ಕಾ ಮಾಡಿದವರಿಗೂ ಗೊತ್ತಿತ್ತು. ಆ ಅಧ್ಯಾಯದ ಕಡೀ ಪುಟದಾಗ ಇದನ್ನ ಬರದಾರಲ್ಲ!"

ಎಲ್ಲೂ ಇಲ್ಲದ ಗಾಳಿ! ಅದನ್ನು ಮೊದಲ ದಿನವೇ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಮುಂದಿನ ಸುಗ್ಗಿಗೆ ಮೆಟ್ಟಿನ ಮೇಲೆ ನಾನು, ಕೆಳಗೆ ಮಾವ. ಅವನಿಗೆ ಎಲ್ಲ ಹೇಳಿದೆ. ಬುಟ್ಟಿ ಎತ್ತಿದ ಅವನ ಕೈ ಹಾಗೇ ನಿಂತಿತು.

"ಹಂಗಾರ ನಾ ಕರೀಲಿಲ್ಲಂದ್ರ ನೀ ಪಾಸಾಗ್ತಿದ್ದಿ?"

"ಇಲ್ಲ ಮಾವ," ಎಂದು ಸುಳ್ಳು ಹೇಳಿದೆ.

ಅವನು ನಂಬಲಿಲ್ಲ. ಅಂದಿನಿಂದ ಎಂಥ ಗಾಳಿ ಬಂದರೂ ಮಾವ ನನ್ನನ್ನು ಕೂಗಲಿಲ್ಲ. ನಾನೇ ಎದ್ದು ಹೋಗುತ್ತಿದ್ದೆ.